ಉಪ್ಪಿನ ಜಾಡಿಯ ಗುಟ್ಟು 75ರಲ್ಲಿದೆ

ಜೂನ್ ಬಂತು ಅಂದರೆ ಕರಾವಳಿ, ಮಲೆನಾಡಿನ ಅಡುಗೆಮನೆಗಳಲ್ಲಿ ಉಪ್ಪಿನ ಗೋಳು ಶುರು. ಬೇಸಿಗೆಯಲ್ಲಿ ಸಲೀಸಾಗಿ ಉದುರುತ್ತಿದ್ದ ಪುಡಿ ಉಪ್ಪು ಚಮಚಕ್ಕೆ ಅಂಟಿಕೊಳ್ಳುತ್ತದೆ, ನಾಲ್ಕು ದಿನ ಬಿಟ್ಟು ನೋಡಿದರೆ ಗಟ್ಟಿ ಹೆಂಟೆಯಾಗಿರುತ್ತದೆ. ಕಲ್ಲುಪ್ಪಾದರೆ ಕೇಳುವುದೇ ಬೇಡ, ಜಾಡಿಯ ತಳದಲ್ಲಿ ನೀರು ಬಿಟ್ಟುಕೊಂಡು ಕೂತಿರುತ್ತದೆ. ಅತ್ತ ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ಉಪ್ಪನ್ನು ತಟ್ಟೆಗೆ ಸುರಿದು ಹಾಗೇ ಬಿಟ್ಟರೂ ಅದಕ್ಕೇನೂ ಆಗುವುದಿಲ್ಲ. ಹಾಗಾಗಿ "ಉಪ್ಪಿಗೆ ಯಾವ ಡಬ್ಬಿ ಒಳ್ಳೇದು?" ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ನಿಮ್ಮ ಮನೆ ಎಲ್ಲಿ ಅಂತ.

ಶುದ್ಧ ಉಪ್ಪಿಗೆ, ಅಂದರೆ ಸೋಡಿಯಂ ಕ್ಲೋರೈಡಿಗೆ, ಒಂದು ಗೆರೆ ಇದೆ. ಗಾಳಿಯ ತೇವಾಂಶ ಶೇ. 75ರ ಕೆಳಗಿದ್ದರೆ ಉಪ್ಪಿನ ಹರಳು ಒಣಗಿಯೇ ಇರುತ್ತದೆ. 75 ದಾಟಿತೋ, ಹರಳು ಗಾಳಿಯಲ್ಲಿರುವ ನೀರಾವಿಯನ್ನು ಎಳೆದುಕೊಂಡು ಅದರಲ್ಲೇ ಕರಗಲು ಶುರು ಮಾಡುತ್ತದೆ. ಶೇ. 75 ಅಂದರೆ, ಆ ಹೊತ್ತಿನ ಉಷ್ಣತೆಯಲ್ಲಿ ಗಾಳಿ ಎಷ್ಟು ನೀರಾವಿ ಹೊರಬಲ್ಲದೋ ಅದರ ಮುಕ್ಕಾಲು ಪಾಲು. ಮಜಾ ಏನೆಂದರೆ ಬಿಸಿಲಿರಲಿ ಚಳಿಯಿರಲಿ, ನಮ್ಮ ಅಡುಗೆಮನೆಯ ಉಷ್ಣತೆಗಳಲ್ಲಿ ಈ ಗೆರೆ ಹೆಚ್ಚುಕಡಿಮೆ ಅಲ್ಲಾಡುವುದಿಲ್ಲ. ಎಷ್ಟು ನೆಚ್ಚಿಕೊಳ್ಳಬಹುದು ಅಂದರೆ, ತೇವಾಂಶ ಅಳೆಯುವ ಮೀಟರ್ ಸರಿಯಿದೆಯಾ ಅಂತ ಪರೀಕ್ಷಿಸಲು ಉಪ್ಪನ್ನೇ ಬಳಸುತ್ತಾರೆ. ಬಾಟಲಿ ಮುಚ್ಚಳದಲ್ಲಿ ಒಂದಿಷ್ಟು ಉಪ್ಪು ಹಾಕಿ, ಪೂರ್ತಿ ಕರಗದ ಹಾಗೆ ನಾಲ್ಕು ಹನಿ ನೀರು ಬಿಟ್ಟು ಕೆಸರಿನಂತೆ ಮಾಡಿ. ಅದನ್ನೂ ಮೀಟರನ್ನೂ ಒಂದು ಜಿಪ್ ಕವರಿನಲ್ಲಿಟ್ಟು ಗಾಳಿಯಾಡದಂತೆ ಮುಚ್ಚಿ, ರಾತ್ರಿಯೆಲ್ಲ ಬಿಡಿ. ಬೆಳಗ್ಗೆ ಮೀಟರ್ 75ರ ಆಸುಪಾಸು ತೋರಿಸದಿದ್ದರೆ ತಪ್ಪು ಮೀಟರಿನದು. ಮಳೆಗಾಲದ ಮಂಗಳೂರಲ್ಲೋ ಆಗುಂಬೆಯಲ್ಲೋ ತೇವಾಂಶ 85 ದಾಟುವುದು ಮಾಮೂಲು. ಅಲ್ಲಿ ಉಪ್ಪು ನೀರಾಗದೆ ಇನ್ನೇನಾದೀತು?

ಆದರೆ ಕಲ್ಲುಪ್ಪು 75ರವರೆಗೂ ಕಾಯುವುದಿಲ್ಲ. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಡಲ ನೀರನ್ನು ಬಿಸಿಲಿಗೆ ಬಿಟ್ಟರೆ ಮೊದಲು ಸುಣ್ಣದಂಥವು, ಜಿಪ್ಸಂ ಇತ್ಯಾದಿ ತಳ ಸೇರುತ್ತವೆ. ನೀರು ಸುಮಾರು ಹತ್ತನೇ ಒಂದು ಪಾಲಿಗೆ ಇಳಿದಾಗ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಸಿಯಂನ ಲವಣಗಳು ಮಾತ್ರ ಅಷ್ಟು ಸುಲಭಕ್ಕೆ ಹರಳಾಗುವುದಿಲ್ಲ, ಉಳಿದ ಕಹಿ ನೀರಿನಲ್ಲೇ ಇರುತ್ತವೆ. ಉಪ್ಪನ್ನು ಬಾಚಿ ರಾಶಿ ಹಾಕಿದಾಗ ಆ ನೀರಿನಲ್ಲಿ ಬಹುಪಾಲು ಸೋರಿ ಹೋಗುತ್ತದೆ, ಸ್ವಲ್ಪ ಹರಳಿನ ಮೈಗೆ ಅಂಟಿಕೊಂಡೇ ನಮ್ಮ ಮನೆಗೆ ಬರುತ್ತದೆ. ಈ ಮೆಗ್ನೀಸಿಯಂ ಕ್ಲೋರೈಡಿನ ಗೆರೆ ಎಲ್ಲಿದೆ ಗೊತ್ತಾ? ಶೇ. 33ರಲ್ಲಿ! ಬೆಂಗಳೂರಿನಲ್ಲಿ ಒಣ ಹವೆ ಅಂತ ನಾವು ಅಂದುಕೊಳ್ಳುವ ದಿನಗಳಲ್ಲೂ ಅದು ನೀರು ಎಳೆಯುತ್ತಿರುತ್ತದೆ. ಜಾಡಿಯ ತಳದ ನೀರಿಗೆ ಬೆರಳದ್ದಿ ನಾಲಗೆಗೆ ಮುಟ್ಟಿಸಿ ನೋಡಿ, ಉಪ್ಪಿನ ಹಿಂದೆಯೇ ಕಹಿ ಬರುತ್ತದೆ. ನೀರು ಕೆಳಗಿಳಿಯುತ್ತಾ ಈ ಕಹಿಯನ್ನೂ ತೊಳೆದುಕೊಂಡು ಇಳಿಯುವುದರಿಂದ ಮೇಲಿನ ಹರಳುಗಳು ನಿಜಕ್ಕೂ ಸ್ವಲ್ಪ ಶುದ್ಧವಾಗುತ್ತವೆ. ಕಲ್ಲುಪ್ಪು ಹಳೆಯದಾದಷ್ಟೂ ರುಚಿ ಅನ್ನುವವರ ಮಾತಿನಲ್ಲಿ ಅರ್ಥವಿದೆ.

ಪುಡಿ ಉಪ್ಪು ಗಟ್ಟಿ ಕಟ್ಟುವುದು ಬೇರೆ ಕಥೆ. ಹಗಲು-ರಾತ್ರಿ, ಮಳೆ-ಬಿಸಿಲು ಅಂತ ತೇವಾಂಶ ಗೆರೆಯ ಆಚೆ ಈಚೆ ಓಡಾಡಿದಾಗ ಕಾಳುಗಳ ಮೈಮೇಲೆ ತೆಳ್ಳಗೆ ಉಪ್ಪುನೀರು ಮೂಡುತ್ತದೆ, ಮತ್ತೆ ಒಣಗುತ್ತದೆ. ಒಣಗುವಾಗ ಎರಡು ಕಾಳು ತಾಗುವ ಜಾಗದಲ್ಲಿ ಹೊಸ ಹರಳು ಹುಟ್ಟಿ ಅವೆರಡನ್ನೂ ಬೆಸೆಯುತ್ತದೆ. ಇದನ್ನು ತಡೆಯಲೆಂದೇ ಪ್ಯಾಕೆಟ್ ಉಪ್ಪಿಗೆ ಅಂಟದಂತೆ ನೋಡಿಕೊಳ್ಳುವ ಪುಡಿ ಸೇರಿಸುತ್ತಾರೆ. ಪ್ಯಾಕೆಟಿನ ಹಿಂದೆ ಸಣ್ಣ ಅಕ್ಷರದಲ್ಲಿ 536, 551 ಅಂತೆಲ್ಲ ಇರುತ್ತದಲ್ಲ, ಅದೇ. ಅದರಿಂದ ಗಂಟು ಕಡಿಮೆಯಾಗುತ್ತದೆ, ಆದರೆ ಗಾಳಿ 75ರ ಮೇಲೇ ನಿಂತುಬಿಟ್ಟರೆ ಯಾವ ಪುಡಿಯ ಆಟವೂ ನಡೆಯುವುದಿಲ್ಲ.

ಈಗ ಡಬ್ಬಿಗೆ ಬರೋಣ. ನಮ್ಮಲ್ಲಿ ಜಾಸ್ತಿ ಮನೆಗಳಲ್ಲಿ ಉಪ್ಪು ಸ್ಟೀಲ್ ಡಬ್ಬಿಯಲ್ಲಿರುತ್ತದೆ, ಇಲ್ಲವೇ ಒಗ್ಗರಣೆ ಡಬ್ಬಿಯ ಒಂದು ಬಟ್ಟಲಿನಲ್ಲಿ ಸಾಸಿವೆ, ಜೀರಿಗೆಯ ಪಕ್ಕ. ನನ್ನ ಪ್ರಕಾರ ಇರುವುದರಲ್ಲೇ ಕೆಟ್ಟ ಆಯ್ಕೆ ಇದು. ಸ್ಟೀಲಿಗೆ ತುಕ್ಕು ಹಿಡಿಯದಿರಲು ಕಾರಣ ಅದರೊಳಗಿನ ಕ್ರೋಮಿಯಂ. ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಕೆಲವೇ ನ್ಯಾನೋಮೀಟರ್ ದಪ್ಪದ ಪದರ ಕಟ್ಟಿ ಒಳಗಿನ ಕಬ್ಬಿಣವನ್ನು ಕಾಯುತ್ತದೆ. ಪದರ ಎಲ್ಲಾದರೂ ಗೀಚಿದರೆ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಈ ಪದರಕ್ಕಿರುವ ದೊಡ್ಡ ವೈರಿ ಕ್ಲೋರೈಡ್, ಉಪ್ಪಿನಲ್ಲಿರುವುದೇ ಅದು. ಒದ್ದೆ ಉಪ್ಪು ಒಂದೇ ಕಡೆ ಅಂಟಿ ಕೂತಾಗ ಅದರಡಿಗೆ ಆಮ್ಲಜನಕ ಸರಿಯಾಗಿ ತಲುಪುವುದಿಲ್ಲ, ಪದರ ಒಂದು ಚುಕ್ಕೆಯಷ್ಟು ಜಾಗದಲ್ಲಿ ಒಡೆಯುತ್ತದೆ, ಆ ಚುಕ್ಕೆಯೊಳಗೆ ಕ್ಲೋರೈಡ್ ಇನ್ನಷ್ಟು ಸೇರಿ ಆಮ್ಲದ ವಾತಾವರಣ ಉಂಟಾಗಿ, ಅಲ್ಲಿಂದ ಮುಂದೆ ಅದು ತನ್ನಷ್ಟಕ್ಕೇ ಕೊರೆಯುತ್ತಾ ಹೋಗುತ್ತದೆ. ಹಲ್ಲಿನ ಹುಳುಕಿನ ಹಾಗೆ, ಹೊರಗೆ ಸೂಜಿಮೊನೆಯಷ್ಟು, ಒಳಗೆ ಗುಹೆ. ಡಬ್ಬಿ ಖಾಲಿ ಮಾಡಿ ತೊಳೆದು ಬೆಳಕಿಗೆ ಹಿಡಿದು ತಳ ನೋಡಿ. ಕಂದು ಚುಕ್ಕೆಗಳು, ಬೆರಳಿಗೆ ತಾಕುವ ಸಣ್ಣ ಗುಳಿಗಳು ಕಾಣುತ್ತವೆ. ಮೊದಲು ಕೆಡುವುದು ತಳ ಮತ್ತು ಗೋಡೆ ಸೇರುವ ಮೂಲೆ. ಎಷ್ಟು ತಿಕ್ಕಿದರೂ ಆ ಚುಕ್ಕೆ ಮತ್ತೆ ಬರುತ್ತದೆ, ಯಾಕೆಂದರೆ ಬೇರು ಒಳಗಿದೆ.

ಆಯಸ್ಕಾಂತ ಅಂಟದಿದ್ದರೆ ಒಳ್ಳೇ ಸ್ಟೀಲು ಅಂತ ಅಂಗಡಿಯಲ್ಲಿ ಪರೀಕ್ಷೆ ಮಾಡುವವರಿದ್ದಾರೆ. ನಿಕಲ್ ಕಡಿಮೆ ಹಾಕಿ ಮ್ಯಾಂಗನೀಸ್ ಜಾಸ್ತಿ ಸೇರಿಸಿದ ಅಗ್ಗದ 202 ದರ್ಜೆಗೂ ಆಯಸ್ಕಾಂತ ಸರಿಯಾಗಿ ಅಂಟುವುದಿಲ್ಲ, ಹಾಗಾಗಿ ಅದು ಪರೀಕ್ಷೆಯೇ ಅಲ್ಲ. 18 ಭಾಗ ಕ್ರೋಮಿಯಂ, 8 ಭಾಗ ನಿಕಲ್ ಇರುವ 304 ವಾಸಿ. ಮಾಲಿಬ್ಡಿನಂ ಸೇರಿಸಿದ 316 ಇನ್ನೂ ಗಟ್ಟಿ, ಕಡಲ ನೀರಿನ ಕೆಲಸಕ್ಕೆ ಅದನ್ನೇ ಬಳಸುತ್ತಾರೆ. ಆದರೆ ಉಪ್ಪಿನ ಡಬ್ಬಿಗೆ ಇಷ್ಟೆಲ್ಲ ಯಾಕೆ ಬೇಕು? ಲೋಹವೇ ಬೇಡ ಅಂದರೆ ಮುಗಿಯಿತು. ಅಲ್ಯೂಮಿನಿಯಂ ಕೂಡ ಹೀಗೇ ಗುಳಿ ಬೀಳುತ್ತದೆ, ತಾಮ್ರ ಹಿತ್ತಾಳೆ ಹಸಿರುಗಟ್ಟುತ್ತವೆ. ಯುರೋಪಿನ ಸಿರಿವಂತರು ಊಟದ ಮೇಜಿನ ಮೇಲಿಡುತ್ತಿದ್ದ ಬೆಳ್ಳಿಯ ಉಪ್ಪಿನ ಬಟ್ಟಲುಗಳ ಒಳಗೂ ಚಿನ್ನದ ಲೇಪ ಇರುತ್ತಿತ್ತು, ಇಲ್ಲವೇ ನೀಲಿ ಗಾಜಿನ ಪುಟ್ಟ ಬಟ್ಟಲು ಕೂರಿಸಿರುತ್ತಿದ್ದರು. ಸುಮ್ನೆ ಚಂದಕ್ಕಲ್ಲ, ಉಪ್ಪು ಬೆಳ್ಳಿಯನ್ನೂ ಬಿಡುವುದಿಲ್ಲ ಅಂತ.

ಮಣ್ಣಿನ ಕುಡಿಕೆಯಲ್ಲಿ ಇನ್ನೊಂದು ತೊಂದರೆ. ಬರಿ ಮಣ್ಣಿನ ತುಂಬ ಸಣ್ಣ ಸಣ್ಣ ರಂಧ್ರ. ಉಪ್ಪುನೀರು ಅದರಲ್ಲಿ ಹೊರಕ್ಕೆ ಜಿನುಗಿ, ಹೊರಮೈಯಲ್ಲಿ ಒಣಗಿ ಬಿಳಿ ಹೂವಿನಂತೆ ಅರಳುತ್ತದೆ. ಕೆಲವು ಹರಳು ರಂಧ್ರದ ಒಳಗೇ ಬೆಳೆದು ಗೋಡೆಯನ್ನು ತಳ್ಳುತ್ತವೆ, ಕುಡಿಕೆಯ ಮೈ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಕಡಲ ಬದಿಯ ಹಳೇ ಮನೆಗಳ ಗೋಡೆಯ ಕೆಳಭಾಗದಲ್ಲಿ ಗಾರೆ ಉದುರುವುದೂ ಹೀಗೆಯೇ. ಅದೇ ಮಣ್ಣಿಗೆ ಗಾಜಿನಂಥ ಹೊಳಪು ಪದರ ಕೊಟ್ಟರೆ ರಂಧ್ರಗಳೆಲ್ಲ ಮುಚ್ಚುತ್ತವೆ. ಅದೇ ನಮ್ಮ ಪಿಂಗಾಣಿ ಜಾಡಿ, ಉಪ್ಪಿನಕಾಯಿ ಭರಣಿ. ಇಂಥ ಹೊಳಪು ಕೊಡುವ ಒಂದು ಹಳೇ ವಿಧಾನದಲ್ಲಿ ಬಳಸುತ್ತಿದ್ದುದು ಉಪ್ಪನ್ನೇ! ಭಟ್ಟಿ 1,200 ಡಿಗ್ರಿ ದಾಟಿದಾಗ ಅದರೊಳಗೆ ಉಪ್ಪು ಎಸೆಯುತ್ತಾರೆ. ಅದು ಆವಿಯಾಗಿ, ಸೋಡಿಯಂ ಮಣ್ಣಿನ ಸಿಲಿಕಾ ಜೊತೆ ಸೇರಿ ಜಾಡಿಯ ಮೈಮೇಲೆಯೇ ಗಾಜಾಗುತ್ತದೆ. ಜಾಡಿ ಕೊಳ್ಳುವಾಗ ಒಳಗೆ ಕೈಯಾಡಿಸಿ ನೋಡಿ. ಒಳಮೈ ಪೂರ್ತಿ ನುಣುಪಾಗಿರಬೇಕು, ಕೂದಲೆಳೆಯ ಬಿರುಕೂ ಇರಬಾರದು.

ಕರಾವಳಿಯ ಹಳೇ ಮನೆಗಳ ಮರದ ಮರಿಗೆಯನ್ನು ಮರೆಯುವಂತಿಲ್ಲ. ಮರ ಕ್ಲೋರೈಡಿಗೆ ಹೆದರುವುದಿಲ್ಲ, ತೇವ ಹೆಚ್ಚಾದಾಗ ಸ್ವಲ್ಪ ಹೀರಿಕೊಳ್ಳುತ್ತದೆ, ಒಣಗಿದಾಗ ಬಿಡುತ್ತದೆ. ಆದರೆ ಅಸಲಿ ಕೆಲಸ ಮಾಡುತ್ತಿದ್ದುದು ಬಹುಶಃ ಅದನ್ನಿಡುತ್ತಿದ್ದ ಜಾಗ, ಒಲೆಯ ಪಕ್ಕ. 25 ಡಿಗ್ರಿಯಲ್ಲಿ ಶೇ. 90 ತೇವಾಂಶವಿರುವ ಗಾಳಿಯನ್ನು ಬರೀ 30 ಡಿಗ್ರಿಗೆ ಬಿಸಿ ಮಾಡಿದರೆ ತೇವಾಂಶ 67ಕ್ಕೆ ಇಳಿಯುತ್ತದೆ. ಐದೇ ಡಿಗ್ರಿ ಸಾಕು, ಗೆರೆಯ ಕೆಳಗೆ ಬಂದೆವು. ದಿನವಿಡೀ ಬೆಚ್ಚಗಿರುವ ಮಣ್ಣಿನ ಒಲೆ ಇದನ್ನು ಪುಕ್ಕಟೆಯಾಗಿ ಮಾಡಿಕೊಡುತ್ತಿತ್ತು. ಗ್ಯಾಸ್ ಒಲೆಯ ಪಕ್ಕ ಇಟ್ಟರೆ ಆ ಲಾಭವಿಲ್ಲ. ಅದು ಆರಿಸಿದ ಕೂಡಲೇ ತಣ್ಣಗಾಗುತ್ತದೆ, ಮೇಲಾಗಿ ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಕಿಲೋಗಿಂತ ಜಾಸ್ತಿ ನೀರಾವಿ ಹೊರಬರುತ್ತದೆ. ಲೆಕ್ಕ ಹಾಕಿದರೆ 14.2 ಕಿಲೋದ ಒಂದು ಸಿಲಿಂಡರ್ ಸುಮಾರು 22 ಲೀಟರ್ ನೀರನ್ನು ಅಡುಗೆಮನೆಯ ಗಾಳಿಗೆ ಸೇರಿಸುತ್ತದೆ. ಕುದಿಯುವ ಸಾರಿನ ಹಬೆ ಬೇರೆ.

ಗಾಜು, ಒಳ್ಳೇ ಆಹಾರ ದರ್ಜೆಯ ಪ್ಲಾಸ್ಟಿಕ್ ಎರಡಕ್ಕೂ ಉಪ್ಪು ಏನೂ ಮಾಡುವುದಿಲ್ಲ. ಆದರೆ ಗಾಜಿನ ಬಾಟಲಿಗೆ ತಗಡಿನ ಮುಚ್ಚಳವಿದ್ದರೆ ಮಳೆಗಾಲ ಮುಗಿಯುವಷ್ಟರಲ್ಲಿ ಅದು ತುಕ್ಕು ಹಿಡಿದು ಬಾಟಲಿಗೇ ಕಚ್ಚಿಕೊಳ್ಳುತ್ತದೆ. ಪ್ಲಾಸ್ಟಿಕ್ ಮುಚ್ಚಳ, ಒಳಗೆ ರಬ್ಬರ್ ಉಂಗುರ ಇರುವುದನ್ನು ಆರಿಸಿ.

ಮುಚ್ಚಳ ಪದೇ ಪದೇ ತೆಗೆದರೆ ಗಾಳಿ ನುಗ್ಗಿ ಉಪ್ಪು ಹಾಳಾಗುತ್ತದೆ ಅಂತ ಬೈಸಿಕೊಳ್ಳುವವರಿಗೆ ಒಂದು ಲೆಕ್ಕ. 30 ಡಿಗ್ರಿಯಲ್ಲಿ ಒಂದು ಲೀಟರ್ ಗಾಳಿ ಹೊರಬಲ್ಲ ನೀರಾವಿ ಹೆಚ್ಚೆಂದರೆ 30 ಮಿಲಿಗ್ರಾಂ. ಒಂದು ಹನಿ ನೀರಿನ ತೂಕ ಸುಮಾರು 50 ಮಿಲಿಗ್ರಾಂ. ಅಂದರೆ ಒಂದು ಸಲ ಮುಚ್ಚಳ ತೆಗೆದು ಹಾಕಿದಾಗ ಒಳಹೋಗುವ ನೀರು ಒಂದು ಹನಿಯೂ ಅಲ್ಲ, ಒದ್ದೆ ಕೈಯಲ್ಲೋ ಒದ್ದೆ ಚಮಚದಲ್ಲೋ ಹೋಗುವುದು ಎಷ್ಟೋ ಪಟ್ಟು ಜಾಸ್ತಿ. ಕುದಿಯುವ ಪಾತ್ರೆಯ ಮೇಲೆ ಜಾಡಿ ಬಗ್ಗಿಸಿ ಉಪ್ಪು ಹಾಕುವುದಂತೂ ಬೇಡವೇ ಬೇಡ, ಹಬೆ ನೇರವಾಗಿ ಒಳಗಿಳಿದು ನೀರಾಗುತ್ತದೆ. ಸಡಿಲ ಮುಚ್ಚಳದ ಮಾತು ಬೇರೆ, ಅದು ಇಪ್ಪತ್ನಾಲ್ಕು ಗಂಟೆಯೂ ಗಾಳಿ ಬಿಡುತ್ತದೆ. ಲೋಹದ ಚಮಚ ಒಳಗೇ ಬಿಡಬೇಡಿ, ತೆಂಗಿನ ಕರಟದ್ದೋ ಮರದ್ದೋ ಸಾಕು.

ಅಕ್ಕಿ ಕಾಳು ಹಾಕುವುದು? ಅಲ್ಪಸ್ವಲ್ಪ ಉಪಯೋಗ. ಮಳೆಗಾಲದ ಗಾಳಿಗೆ ಒಡ್ಡಿದ ಅಕ್ಕಿ ಆಗಲೇ ತನ್ನ ಪಾಲಿನ ತೇವ ಕುಡಿದು ಕೂತಿರುತ್ತದೆ, ಇನ್ನು ಉಪ್ಪಿನದನ್ನು ಎಲ್ಲಿಂದ ಹೀರೀತು? ಹುರಿದು, ಆರಿಸಿ ಹಾಕಿದರೆ ಕೆಲವು ದಿನ ಕೆಲಸ ಮಾಡುತ್ತದೆ.

ಕೊನೆಗೆ ಅಯೋಡಿನ್. 1956ರಲ್ಲಿ ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಜೊತೆಗಾರರು ಶುರು ಮಾಡಿದ ಅಧ್ಯಯನದಿಂದ, ಉಪ್ಪಿಗೆ ಅಯೋಡಿನ್ ಸೇರಿಸಿದರೆ ಗಳಗಂಡ ಕಡಿಮೆಯಾಗುತ್ತದೆ ಅಂತ ನಮ್ಮ ದೇಶದಲ್ಲಿ ಸಾಬೀತಾಯಿತು. ಈಗ ನಮ್ಮ ಕೈಗೆ ಬರುವ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ (ಹತ್ತು ಲಕ್ಷ ಪಾಲಿಗೆ 15 ಪಾಲು) ಅಯೋಡಿನ್ ಇರಬೇಕೆಂಬ ನಿಯಮವಿದೆ, ತಯಾರಾಗುವಲ್ಲಿ ಅದಕ್ಕಿಂತ ಜಾಸ್ತಿ. ಆ ಅಂತರ ಇಟ್ಟಿರುವುದೇ ದಾರಿಯಲ್ಲಿ, ಗೋದಾಮಿನಲ್ಲಿ ಒಂದಿಷ್ಟು ಕಳೆದುಹೋಗುತ್ತದೆ ಅಂತ. ತೇವ ಈ ನಷ್ಟವನ್ನು ಹೆಚ್ಚಿಸುತ್ತದೆ, ಮತ್ತು ಉಪ್ಪು ನೀರು ಬಿಟ್ಟಾಗ ಅಯೋಡಿನ್ ಆ ನೀರಿನಲ್ಲಿ ಕರಗಿ ತಳಕ್ಕಿಳಿಯುತ್ತದೆ. ಅದಕ್ಕೇ ದೊಡ್ಡ ಪ್ಯಾಕೆಟ್ ತಂದು ವರ್ಷಗಟ್ಟಲೆ ಇಡುವ ಬದಲು ಎರಡು ಪಾತ್ರೆ ಮಾಡಿಕೊಳ್ಳಿ. ಬಿಗಿ ಮುಚ್ಚಳದ ಜಾಡಿಯಲ್ಲಿ ದಾಸ್ತಾನು, ಕೈಗೆ ಸಿಗುವಂತೆ ವಾರಕ್ಕಾಗುವಷ್ಟು ಪುಟ್ಟ ಪಿಂಗಾಣಿ ಬಟ್ಟಲಿನಲ್ಲಿ.

ಇಷ್ಟಾದರೂ ಉಪ್ಪು ನೀರು ಬಿಟ್ಟರೆ? ಕಲ್ಲುಪ್ಪಿನ ನೀರು ಕಹಿಯಿದ್ದರೆ ಚೆಲ್ಲಿ. ಪ್ಯಾಕೆಟಿನ ಪುಡಿ ಉಪ್ಪಿನದಾದರೆ ಚೆಲ್ಲಬೇಡಿ, ಸಾರಿಗೆ ಬಳಸಿ. ಒಂದು ಟೀ ಚಮಚ ಆ ನೀರಿನಲ್ಲಿ ಸುಮಾರು ಒಂದೂವರೆ ಗ್ರಾಂ ಉಪ್ಪಿರುತ್ತದೆ, ಅದೇ ಚಮಚದ ಒಣ ಉಪ್ಪಿನಲ್ಲಿ ಐದಾರು ಗ್ರಾಂ.