ಹುಳ ಮುಟ್ಟದ ಹತ್ತಿ ಗಿಡ ಅಂತ ಒಂದಿದೆಯಾ?

ಶನಿವಾರಸಂತೆ ಕಡೆಯ ಕಾಫಿ ಬೆಳೆಗಾರರೊಬ್ಬರು ಕೇಳಿದ್ದಾರೆ: "ನಮ್ಮ ಅರೇಬಿಕಾಗೆ ಬೋರರ್ ಹೊಡೆಯುತ್ತೆ, ಪಕ್ಕದ ರೋಬಸ್ಟಾ ತಂಟೆಗೆ ಹೋಗಲ್ಲ. ಮಗಳನ್ನು ಹಾವೇರಿಗೆ ಕೊಟ್ಟಿದ್ದೇವೆ, ಬೀಗರದ್ದು ಹತ್ತಿ ಬೇಸಾಯ. ಬಿಟಿ ಬೀಜ ಹಾಕಿಯೂ ಔಷಧಿ ಹೊಡೀತಾನೇ ಇರ್ತಾರೆ. ರೋಬಸ್ಟಾ ಥರ ಹುಟ್ಟಿನಿಂದಲೇ ಗಟ್ಟಿ ಇರೋ ಹತ್ತಿ ಇಲ್ವಾ?"

ಇದೆ. ಆದರೆ ಯಾವ ಹುಳಕ್ಕೆ ಗಟ್ಟಿ ಅಂತ ಮೊದಲು ಕೇಳಬೇಕು. ನಿಮ್ಮ ರೋಬಸ್ಟಾನೇ ನೋಡಿ, ನೀವು ಬೋರರ್ ಅನ್ನುವ ಬಿಳಿ ಕಾಂಡಕೊರಕ ಬಿಟ್ಟರೂ ಕಾಫಿಯ ಕಾಯಿಕೊರಕ ಬಿಡುತ್ತಾ?

2002ರಲ್ಲಿ ನಮ್ಮ ದೇಶಕ್ಕೆ ಬಂದ ಬಿಟಿ ಹತ್ತಿಯನ್ನು, ಅಂದರೆ ಹುಳ ಕೊಲ್ಲುವ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಹತ್ತಿಯನ್ನು, ಮಾಡಿದ್ದು ಹತ್ತಿಯ ಕಾಯಿಕೊರಕವನ್ನು ತಡೆಯೋಕೆ; ಹೆಸರು ಒಂದೇ ಆದರೂ ಕಾಫಿಯದು ಬೇರೆ ಹುಳ. (ಗುಲಾಬಿ ಕಾಯಿಕೊರಕ ಈಗ ಅದನ್ನೂ ಅರಗಿಸಿಕೊಂಡಿದೆ, ಆ ಕಥೆ ಬೇರೆ.) ಎಲೆಯ ರಸ ಹೀರುವ ಜಿಗಿಹುಳಕ್ಕೆ ಬಿಟಿಯಿಂದ ಏನೂ ಆಗುವುದಿಲ್ಲ. ಎಲೆಯಂಚು ಹಳದಿಯಾಗಿ, ಆಮೇಲೆ ಕೆಂಪಾಗಿ, ಕೆಳಕ್ಕೆ ಮುರುಟಿದ್ದರೆ ಅದು ಇದರದೇ ಕೆಲಸ. ಜಿಗಿಹುಳ ಮೊಟ್ಟೆ ಇಡುವುದು ಎಲೆಯ ನರದೊಳಗೆ, ಹಾಗಾಗಿ ಎಲೆಯ ಅಡಿಯಲ್ಲಿ ಉದ್ದನೆಯ ರೋಮ ಒತ್ತಾಗಿದ್ದರೆ ಅದಕ್ಕೆ ಚುಚ್ಚುವುದೇ ಕಷ್ಟ. ದಕ್ಷಿಣ ಆಫ್ರಿಕಾದಲ್ಲಿ 1920ರ ದಶಕದಲ್ಲೇ ಪಾರ್ನೆಲ್ ಎಂಬ ತಳಿ ತಜ್ಞರು ಜಿಗಿಹುಳದ ಹಾವಳಿಯಲ್ಲೂ ಉಳಿದ ಇಂಥ ಗಿಡಗಳನ್ನು ಆರಿಸಿ ಆರಿಸಿ ಯು4 ಅನ್ನುವ ತಳಿ ಮಾಡಿದ್ದರು.

ಹಾಗಾದರೆ ಎಲ್ಲ ಹತ್ತಿಗೂ ರೋಮ ಬರಿಸಿಬಿಡಬಹುದಲ್ವಾ? ಬಿಳಿನೊಣಕ್ಕೆ ಅದೇ ರೋಮದ ಎಲೆ ಇಷ್ಟ. ಕಾಯಿಕೊರಕದ ಪತಂಗವೂ ಅಂಥ ಗಿಡದಲ್ಲೇ ಜಾಸ್ತಿ ಮೊಟ್ಟೆ ಇಡುತ್ತದೆ. ಸರಿ, ನುಣುಪು ಎಲೆ ಮಾಡೋಣ ಅಂದರೆ ಜಿಗಿಹುಳಕ್ಕೆ ಹಬ್ಬ.

ಇನ್ನೊಂದು, ನನಗೆ ತುಂಬಾ ಮಜಾ ಅನಿಸುವುದು. ಹತ್ತಿಬೀಜ ಸೀಳಿ ನೋಡಿ, ಒಳಗೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳಿರುತ್ತವೆ. ಅದರಲ್ಲಿರುವುದು ಗಾಸಿಪಾಲ್, ಗಿಡದ ಸ್ವಂತ ವಿಷ. 1950ರ ದಶಕದಲ್ಲಿ ಅಮೆರಿಕದಲ್ಲಿ ಚುಕ್ಕೆಯೇ ಇಲ್ಲದ ಹತ್ತಿ ಸಿಕ್ಕಿತು. ಬೀಜವನ್ನು ಮನುಷ್ಯರೂ ತಿನ್ನಬಹುದು ಅಂತ ಖುಷಿಪಟ್ಟರು. ಬೆಳೆಸಿ ನೋಡಿದರೆ ಅದುವರೆಗೆ ಹತ್ತಿಯನ್ನು ಮೂಸದ ದುಂಬಿಗಳೂ ಇಲಿಗಳೂ ಪಂಕ್ತಿಗೆ ಕೂತಿದ್ದವು!

ನಿಮ್ಮ ಬೀಗರಿಗೆ ಜಿಗಿಹುಳದ್ದೇ ಕಾಟವಾದರೆ, ಮುಂದಿನ ಸಲ ಬೀಜ ಕೊಳ್ಳುವಾಗ "ಎಲೆ ರೋಮದ್ದಾ, ನುಣುಪಾ?" ಅಂತ ಕೇಳಲಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಹಾವೇರಿಗೆ ದೂರವೇನಲ್ಲ. 1972ರ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಹುಟ್ಟಿದ್ದು ಧಾರವಾಡದಲ್ಲೇ.