ಶ್ವಾಸಕೋಶ ಎಷ್ಟು ಸೆರೊಟೋನಿನ್ ಹೀರಿತು? ಅಳೆಯುವ ಬಗೆ

ದೇಹ ಸುತ್ತಿ ಬಂದ ರಕ್ತ ಮತ್ತೆ ಹೊರಡುವ ಮೊದಲು ಶ್ವಾಸಕೋಶವನ್ನು ಹಾದೇ ಹೋಗಬೇಕು. ಅಲ್ಲಿನ ಲೋಮನಾಳಗಳಲ್ಲಿ ಅದು ಇರುವುದು ಸುಮಾರು ಮುಕ್ಕಾಲು ಸೆಕೆಂಡು. ಅಷ್ಟರಲ್ಲೇ ನಾಳಗಳ ಒಳಪದರದ ಜೀವಕೋಶಗಳು ಕೆಲವು ರಾಸಾಯನಿಕ ಸಂದೇಶವಾಹಕಗಳನ್ನು ಆರಿಸಿ ತೆಗೆದುಬಿಡುತ್ತವೆ. ಸೆರೊಟೋನಿನ್‌ನ ಬಹುಪಾಲು ಒಂದೇ ಸಲಕ್ಕೆ ಹೋಗುತ್ತದೆ, ನಾರ್‌ಅಡ್ರಿನಲಿನ್ ಸ್ವಲ್ಪ ಭಾಗ ಮಾತ್ರ. ಅಡ್ರಿನಲಿನ್, ಹಿಸ್ಟಮಿನ್ ಹೆಚ್ಚುಕಡಿಮೆ ಹಾಗೇ ದಾಟುತ್ತವೆ. 1925ರಲ್ಲಿ ಸ್ಟಾರ್ಲಿಂಗ್ ಮತ್ತು ವರ್ನಿ ಬೇರ್ಪಡಿಸಿದ ಮೂತ್ರಪಿಂಡಕ್ಕೆ ರಕ್ತ ಹರಿಸುವಾಗ, ಅದನ್ನು ಶ್ವಾಸಕೋಶದ ಮೂಲಕ ಹಾಯಿಸದಿದ್ದರೆ ಮೂತ್ರಪಿಂಡದ ನಾಳಗಳು ಬಿಗಿದುಕೊಳ್ಳುವುದನ್ನು ಕಂಡಿದ್ದರು. ಆ ಬಿಗಿತದ ಹಿಂದೆ ಸೆರೊಟೋನಿನ್ ಇದೆಯೆಂದು ತಿಳಿದದ್ದು ದಶಕಗಳ ನಂತರ.

ಅಳತೆಯ ಸೂತ್ರ ಸರಳ. ಒಂದೇ ಸಿರಿಂಜಿನಲ್ಲಿ ಎರಡು ವಸ್ತು ಬೆರೆಸಬೇಕು: ನಾಳದಾಚೆ ಹೋಗದ ಒಂದು ಗುರುತು (ವಿಕಿರಣಶೀಲ ಹೈಡ್ರೋಜನ್ ಆದ ಟ್ರೀಷಿಯಂ ಹಚ್ಚಿದ ಡೆಕ್ಸ್‌ಟ್ರಾನ್ ಎಂಬ ದೊಡ್ಡ ಸಕ್ಕರೆ ಅಣು, ಇಲ್ಲವೇ ಅಲ್ಬುಮಿನ್ ಎಂಬ ರಕ್ತದ ಪ್ರೋಟೀನ್‌ಗೆ ಅಂಟಿಕೊಳ್ಳುವ ಹಸಿರು ಬಣ್ಣ) ಮತ್ತು ವಿಕಿರಣಶೀಲ ಕಾರ್ಬನ್-14 ಹಚ್ಚಿದ ಸೆರೊಟೋನಿನ್. ಪ್ರಾಣಿಯ ಬೇರ್ಪಡಿಸಿದ ಶ್ವಾಸಕೋಶಕ್ಕೆ 37 ಡಿಗ್ರಿಯ, 7.4 ಪಿಹೆಚ್‌ನ, ಅಲ್ಬುಮಿನ್ ಇರುವ ಲವಣದ್ರವವನ್ನು ಪಂಪಿನಿಂದ ಹರಿಸುತ್ತಾರೆ. ಒಳಹೋಗುವ ಅಪಧಮನಿಗೆ ಈ ಮಿಶ್ರಣವನ್ನು ಒಮ್ಮೆಲೇ ಚುಚ್ಚಿ, ಎಡ ಹೃತ್ಕರ್ಣದಿಂದ ಹೊರಬರುವ ದ್ರವವನ್ನು ಸೆಕೆಂಡಿಗೊಂದು ನಳಿಕೆಯಂತೆ ಹಿಡಿಯಬೇಕು. ಪ್ರತಿ ನಳಿಕೆಯಲ್ಲೂ ಎರಡನ್ನೂ ಚುಚ್ಚಿದ ಪ್ರಮಾಣದ ಶೇಕಡಾವಾರಿನಲ್ಲಿ ಬರೆದುಕೊಳ್ಳುತ್ತಾರೆ. ಒಂದು ನಳಿಕೆಯಲ್ಲಿ ಡೆಕ್ಸ್‌ಟ್ರಾನ್ ಶೇ. 8, ಸೆರೊಟೋನಿನ್ ಶೇ. 0.8 ಸಿಕ್ಕರೆ, ಆ ಕ್ಷಣದಲ್ಲಿ ಶೇ. 90 ಹೀರಿಕೆಯಾಗಿದೆ. ಎರಡೂ ಒಂದೇ ದಾರಿಯಲ್ಲಿ ಹರಡಿ ಬಂದಿರುವುದರಿಂದ ಕೊಳವೆಯಲ್ಲಿ, ನಾಳದಲ್ಲಿ ಆದ ತೆಳುವಾಗುವಿಕೆ ತಾನಾಗಿಯೇ ಲೆಕ್ಕದಿಂದ ಹೊರಬೀಳುತ್ತದೆ.

ಎಡವುವ ಜಾಗಗಳು ಹಲವು. ಕಾರ್ಬನ್-14ರ ಸಂಕೇತ ಟ್ರೀಷಿಯಂ ಎಣಿಕೆಯೊಳಗೆ ಸೋರುತ್ತದೆ; ಆ ಸೋರಿಕೆಯನ್ನು ಕಳೆಯದಿದ್ದರೆ ಡೆಕ್ಸ್‌ಟ್ರಾನ್ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಒಳಗೆ ಹೋದ ಸೆರೊಟೋನಿನ್‌ನನ್ನು ಮೊನೊಅಮೈನ್ ಆಕ್ಸಿಡೇಸ್ ಕಿಣ್ವ ಒಡೆದು, ಉಳಿದ ತುಣುಕನ್ನು ಕೋಶ ಹೊರಕ್ಕೆ ಬಿಡುತ್ತದೆ, ಅದರ ಮೇಲೂ ಅದೇ ಕಾರ್ಬನ್ ಇರುತ್ತದೆ. ಹಾಗಾಗಿ ಕೊನೆಕೊನೆಯ ನಳಿಕೆಗಳಲ್ಲಿ ಹೀರಿಕೆ ಸುಮ್ಮನೆ ಕುಸಿದಂತೆ ಕಾಣುತ್ತದೆ. ಮೊದಲ ನಳಿಕೆಗಳನ್ನಷ್ಟೇ ನಂಬಿ, ಇಲ್ಲವಾದರೆ ಸೆರೊಟೋನಿನ್ ಮತ್ತು ಅದರ ತುಣುಕನ್ನು ರಾಸಾಯನಿಕವಾಗಿ ಬೇರ್ಪಡಿಸಿ. ಸೆರೊಟೋನಿನ್ ಪ್ರಮಾಣ ಹೆಚ್ಚಾದರೆ ಅದನ್ನು ಕೋಶದೊಳಗೆ ಒಯ್ಯುವ ವಾಹಕ ಪ್ರೋಟೀನ್‌ಗಳು ತುಂಬಿಹೋಗುತ್ತವೆ. ಸಾಲದ್ದಕ್ಕೆ ಸೆರೊಟೋನಿನ್ ತಾನೇ ನಾಳ ಬಿಗಿಸುವ ವಸ್ತು, ಅಳೆಯಹೊರಟ ಹರಿವನ್ನೇ ಬದಲಿಸಿಬಿಡುತ್ತದೆ. ದ್ರವದ ಬದಲು ರಕ್ತವನ್ನೇ ಬಳಸಿದರೆ ಪ್ಲೇಟ್‌ಲೆಟ್‌ಗಳೂ ಸೆರೊಟೋನಿನ್ ನುಂಗುತ್ತವೆ.

ಇಷ್ಟೆಲ್ಲ ಸರಿಮಾಡಿದ ಮೇಲೂ ಬರಿಯ ಶೇಕಡಾವಾರು ನಂಬಿಕೆಗೆ ಅರ್ಹವಲ್ಲ. ನಿಮಿಷಕ್ಕೆ 100 ಮಿಲಿ ಹರಿವಿನಲ್ಲಿ ಶೇ. 90 ಹೀರಿಕೆ ಇದೆ ಎನ್ನಿ. ಕೋಶಗಳು ಹಾಗೇ ಇದ್ದು ಹರಿವು 200ಕ್ಕೆ ಏರಿದರೆ, ಸಂಪರ್ಕದ ಸಮಯ ಕಡಿಮೆಯಾಗಿ ಹೀರಿಕೆ ಶೇ. 68ಕ್ಕೆ ಇಳಿಯುತ್ತದೆ. ಹರಿವು 100ರಲ್ಲೇ ಇದ್ದು ಅರ್ಧದಷ್ಟು ನಾಳಗಳು ಮುಚ್ಚಿಕೊಂಡರೂ ಅದೇ 68. ಒಂದರಲ್ಲಿ ರೋಗವಿಲ್ಲ, ಇನ್ನೊಂದರಲ್ಲಿ ಇದೆ! ಆದ್ದರಿಂದ ಹರಿವನ್ನು, ಹೀರದೆ ಉಳಿದ ಭಾಗದ ಋಣ ಲಾಗರಿದಮ್‌ನಿಂದ ಗುಣಿಸುತ್ತಾರೆ: −Q × ln(1−E). Q ಅಂದರೆ ಹರಿವು, E ಅಂದರೆ ಭಿನ್ನರಾಶಿಯಲ್ಲಿ ಹೀರಿಕೆ. ಮೊದಲನೆಯದರಲ್ಲಿ ಉತ್ತರ ಸುಮಾರು 230, ಹಿಂದಿನಷ್ಟೇ, ಎರಡನೆಯದರಲ್ಲಿ 115.

115 ಬಂದರೂ ನಾಳಗಳೇ ಅರ್ಧಕ್ಕಿಳಿದವೋ, ಪ್ರತಿ ಕೋಶದ ಹೀರುವ ಸಾಮರ್ಥ್ಯ ಅರ್ಧವಾಯಿತೋ ಎಂಬುದು ಉಳಿಯುತ್ತದೆ. ಇದಕ್ಕೆ ಜೊತೆಗೊಂದು ಪರೀಕ್ಷಾ ವಸ್ತು ಬೇಕು, ಕೋಶದೊಳಗೆ ಹೋಗದೆ ಹೊರಮೈಯಲ್ಲೇ ಒಡೆಯುವ ಬ್ರಾಡಿಕೈನಿನ್‌ನಂಥದು. ಬ್ರಾಡಿಕೈನಿನ್ ಒಡೆಯುವ, ಆಂಜಿಯೋಟೆನ್ಸಿನ್ ಪರಿವರ್ತಿಸುವ ಕಿಣ್ವ ಕೋಶದ ಹೊರಮೈ ಮೇಲಿದೆ. ಅದರ ಕೆಲಸಕ್ಕೆ ಕೋಶದ ಶಕ್ತಿ ಬೇಡ. ಸೆರೊಟೋನಿನ್ ಒಳಗೆಳೆಯಲು ಒಳಗೂ ಹೊರಗೂ ಸೋಡಿಯಂ ಪ್ರಮಾಣದ ಅಂತರವನ್ನು ಕಾಯ್ದುಕೊಂಡಿರುವ ಜೀವಂತ ಕೋಶವೇ ಬೇಕು. ಕಿಣ್ವದ ಕೆಲಸ, ಸೆರೊಟೋನಿನ್ ಹೀರಿಕೆ ಎರಡೂ ಒಂದೇ ಪ್ರಮಾಣದಲ್ಲಿ ಇಳಿದರೆ ಸಾಮಾನ್ಯವಾಗಿ ಕಳೆದುಹೋದದ್ದು ಮೇಲ್ಮೈ, ಸೆರೊಟೋನಿನ್ ಮಾತ್ರ ಇಳಿದರೆ ಕೋಶದ ಸಾಗಣೆಯ ದೋಷ ಎಂದು ಓದುತ್ತಾರೆ. ವಾಹಕ ಕೆಲಸ ಮಾಡುತ್ತಿದೆಯೇ ಎಂಬ ಖಾತ್ರಿಗೆ, ಆ ವಾಹಕವನ್ನು ತಡೆಯುವ ಇಮಿಪ್ರಮಿನ್ ಎಂಬ ಔಷಧಿ ಬೆರೆಸಿ ಅದೇ ಪ್ರಯೋಗವನ್ನು ಮತ್ತೊಮ್ಮೆ ನಡೆಸಬೇಕು. ಆಗಲೂ ಹೀರಿಕೆ ಬೀಳದಿದ್ದರೆ, ಮೊದಲು ನೋಡಬೇಕಾದದ್ದು ಎಣಿಕೆಯ ಯಂತ್ರ ಮತ್ತು ಸೋರುವ ಕೊಳವೆಗಳನ್ನು.