ಆಕಾಶದಿಂದ ತೆಗೆದ ಫೋಟೋಗೆ ಕಾಸು ತಗೊಳ್ಳಬಹುದಾ?

ಹೋದ ಫೆಬ್ರವರಿ. ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ ಬಾದಾಮಿ ತೋಟಗಳು ಹೂ ಬಿಟ್ಟಿದ್ದವು. ಮೇಲಿಂದ ನೋಡಿದರೆ ಮೈಲಿಗಟ್ಟಲೆ ಬಿಳಿ ಪಂಚೆ ಹರವಿದ ಹಾಗೆ. ಆಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಫೋನ್ ಮಾಡಿದರು. ಮೈಸೂರಿನವರು, ಇಲ್ಲಿ ಸಾಫ್ಟ್‌ವೇರ್ ಕೆಲಸ. ನನ್ನ ಹತ್ತಿರವೇ ಹಾರೋದು ಕಲಿತು ಪ್ರೈವೇಟ್ ಪೈಲಟ್ ಲೈಸೆನ್ಸ್ ತಗೊಂಡವರು.

"ಸರ್, ಒಂದು ಡೌಟು. ತೋಟದ ಮಾಲೀಕರೊಬ್ಬರು ಮೇಲಿಂದ ಫೋಟೋ ತೆಗೆದುಕೊಡಿ ಅಂತಿದ್ದಾರೆ. 300 ಡಾಲರ್ ಕೊಡ್ತಾರಂತೆ, ವಿಮಾನದ ಬಾಡಿಗೆನೂ ಅವರದ್ದೇ. ಏರಿಯಲ್ ಫೋಟೋಗ್ರಫಿಗೆ ವಿನಾಯ್ತಿ ಇದೆ ಅಂತ ಓದಿದೆ. ಹೋಗಬಹುದು ಅಲ್ವಾ?"

ಬೇಡ ಅಂದೆ. ಅವರಿಗೆ ಬೇಜಾರಾಯಿತು. ಆದರೆ ಕೇಳಿದ್ದು ಒಳ್ಳೆಯದೇ ಆಯಿತು. ಎಷ್ಟೋ ಜನ ಕೇಳದೆ ಹಾರಿಬಿಡುತ್ತಾರೆ.

ಅವರು ಓದಿದ್ದು ಸುಳ್ಳೇನಲ್ಲ. ಅಮೆರಿಕದ ವಿಮಾನಯಾನ ಇಲಾಖೆ, ಅಂದರೆ ಎಫ್‌ಎಎ, ಅದರ ನಿಯಮಗಳ ಪಾರ್ಟ್ 119ರಲ್ಲಿ ಒಂದು ಪಟ್ಟಿ ಇದೆ. ಬೆಳೆಗೆ ಔಷಧಿ ಹೊಡೆಯೋದು, ಬ್ಯಾನರ್ ಎಳೆಯೋದು, ಪೈಪ್‌ಲೈನ್ ಕಾವಲು, ಮತ್ತೆ ಏರಿಯಲ್ ಫೋಟೋಗ್ರಫಿ ಹಾಗೂ ಸರ್ವೆ. ಇಂಥ ಕೆಲಸ ಮಾಡುವವರು ಏರ್‌ಲೈನ್ ಕಂಪನಿಗಳ ಥರ ದೊಡ್ಡ ಆಪರೇಟರ್ ಸರ್ಟಿಫಿಕೇಟ್ ತಗೊಳ್ಳಬೇಕಾಗಿಲ್ಲ. ವಿನಾಯ್ತಿ ಅಷ್ಟಕ್ಕೇ. ಅದು ವ್ಯವಹಾರ ನಡೆಸುವವರಿಗೆ ಕೊಟ್ಟದ್ದು. ವಿಮಾನ ಹಾರಿಸುವವರ ಹತ್ತಿರ ಯಾವ ಲೈಸೆನ್ಸ್ ಇರಬೇಕು ಅನ್ನೋದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಪಾರ್ಟ್ 61ರಲ್ಲಿದೆ. ಬಾಗಿಲಿಗೆ ಎರಡು ಬೀಗ ಇದ್ದು ಒಂದನ್ನು ಮಾತ್ರ ತೆಗೆದ ಹಾಗೆ. ಇನ್ನೊಂದು ಹಾಕಿಯೇ ಇದೆ.

ಆ ಎರಡನೇ ಬೀಗ 61.113ನೇ ನಿಯಮ. ಪ್ರೈವೇಟ್ ಪೈಲಟ್ ಹಣಕ್ಕಾಗಿ ಅಥವಾ ಬಾಡಿಗೆಗೆ ವಿಮಾನ ಹಾರಿಸುವಂತಿಲ್ಲ, ಹಣ ಪಡೆದು ಜನರನ್ನೋ ಸಾಮಾನನ್ನೋ ಒಯ್ಯುವಂತಿಲ್ಲ. ಇಲ್ಲಿ ಹಣ ಅಂದರೆ ಕೈಗೆ ಕೊಟ್ಟ ನೋಟು ಮಾತ್ರ ಅಲ್ಲ. ಎಫ್‌ಎಎ ಈ ಪದವನ್ನು ತುಂಬಾ ವಿಶಾಲವಾಗಿ ನೋಡುತ್ತದೆ. ಯಾರೋ ವಿಮಾನದ ಬಾಡಿಗೆ ಕಟ್ಟಿದರು, ನೀವು ಪುಕ್ಕಟೆ ಹಾರಿ, ಹಾರಿದ ಲೆಕ್ಕ ಇಡುವ ಲಾಗ್‌ಬುಕ್‌ನಲ್ಲಿ ಗಂಟೆ ಬರೆದುಕೊಂಡಿರಿ ಅಂದರೆ ಆ ಗಂಟೆಗಳೇ ಸಂಭಾವನೆ ಆಗಬಹುದು. ನನ್ನ ವಿದ್ಯಾರ್ಥಿ ಆಮೇಲೆ, "ಹಾಗಾದ್ರೆ 300 ಡಾಲರ್ ಬೇಡ ಸರ್, ಬರೀ ಬಾಡಿಗೆ ಕೊಡಲಿ" ಅಂದರು. ಅದೂ ಆಗೋದಿಲ್ಲ ಅಂದೆ.

ಇದೇ ನಿಯಮದಲ್ಲಿ ಒಂದೆರಡು ಕಿಟಕಿಗಳಿವೆ. ಗೊಂದಲ ಹುಟ್ಟೋದು ಅಲ್ಲೇ.

ಒಂದು, ಖರ್ಚು ಹಂಚಿಕೊಳ್ಳೋದು. ಇಂಧನ, ಎಂಜಿನ್ ಆಯಿಲ್, ಏರ್‌ಪೋರ್ಟ್ ಶುಲ್ಕ, ವಿಮಾನದ ಬಾಡಿಗೆ, ಈ ನಾಲ್ಕನ್ನು ಮಾತ್ರ ಹಂಚಬಹುದು. ಪೈಲಟ್ ತನ್ನ ಪಾಲನ್ನು ಪೂರ್ತಿ ಕೊಡಲೇಬೇಕು. ಇಬ್ಬರಿದ್ದರೆ ಅರ್ಧ, ಮೂವರಿದ್ದರೆ ಮೂರರಲ್ಲೊಂದು. ಜೊತೆಗೆ ಹಾರಾಟಕ್ಕೆ ಇಬ್ಬರಿಗೂ ಒಂದೇ ಕಾರಣ ಇರಬೇಕು. ನೀವೂ ಗೆಳೆಯನೂ ಹೂ ನೋಡಲು ಹೊರಟಿರಿ, ಅವನು ಕ್ಯಾಮೆರಾ ತಂದ, ಬಾಡಿಗೆ ಅರ್ಧರ್ಧ. ತೊಂದರೆ ಇಲ್ಲ. ಅವನು ಗಿರಾಕಿಗಾಗಿ ಫೋಟೋ ತೆಗೆಯಲು ಹೊರಟಿದ್ದಾನೆ, ನಿಮಗೆ ಅಲ್ಲಿ ಬೇರೇನೂ ಕೆಲಸ ಇಲ್ಲ ಅಂದರೆ, ಅರ್ಧ ಕೊಟ್ಟರೂ ಕಷ್ಟವೇ. ಜಾಲತಾಣದ ಮೂಲಕ ಅಪರಿಚಿತರನ್ನು ಸೇರಿಸಿ ಖರ್ಚು ಹಂಚಲು ಹೊರಟ ಫ್ಲೈಟ್‌ನೌ ಅನ್ನೋ ಸಂಸ್ಥೆ ಎಫ್‌ಎಎ ವಿರುದ್ಧ ಕೋರ್ಟಿಗೆ ಹೋಗಿತ್ತು. 2015ರಲ್ಲಿ ಸೋತಿತು.

ಇನ್ನೊಂದು, ನಿಮ್ಮ ಉದ್ಯೋಗಕ್ಕೆ ಹಾರಾಟ ಬರೀ ಪ್ರಾಸಂಗಿಕ ಆಗಿದ್ದರೆ, ಹಣಕ್ಕೆ ಜನರನ್ನೋ ಸಾಮಾನನ್ನೋ ಒಯ್ಯದಿದ್ದರೆ, ಹಾರಬಹುದು. ಇದು ನಿಜಕ್ಕೂ ಉಪಯೋಗದ ನಿಯಮ. ಸಿವಿಲ್ ಎಂಜಿನಿಯರ್ ಒಬ್ಬರು ನಾಲ್ಕು ಗಂಟೆ ಕಾರು ಓಡಿಸುವ ಬದಲು ತಾನೇ ವಿಮಾನದಲ್ಲಿ ಸೈಟಿಗೆ ಹೋದರು ಅನ್ನಿ. ಸಂಬಳ ಎಂಜಿನಿಯರಿಂಗ್ ಕೆಲಸಕ್ಕೆ, ಹಾರಾಟಕ್ಕಲ್ಲ. ಆದರೆ ಗಿರಾಕಿ ಕೇಳಿದ್ದೇ ಆಕಾಶದ ಫೋಟೋ ಆದರೆ? ನಾನು ವಿದ್ಯಾರ್ಥಿಗಳಿಗೆ ಕೇಳೋದು ಒಂದೇ: ವಿಮಾನ ಇಲ್ಲದಿದ್ದರೂ ಆ ಕೆಲಸ ನಡೆಯುತ್ತಿತ್ತಾ? ಬಾದಾಮಿ ತೋಟದ ಕೆಲಸದಲ್ಲಿ ವಿಮಾನ ತೆಗೆದುಬಿಟ್ಟರೆ ಏನೂ ಉಳಿಯೋದಿಲ್ಲ. ಹಾರಾಟವೇ ಅಲ್ಲಿ ಕೆಲಸ.

ಸುಮ್ನೆ ಹಾರಲು ಹೋದಾಗ ತೆಗೆದ ಫೋಟೋವನ್ನು ಆಮೇಲೆ ಯಾರಾದರೂ ಕೇಳಿ ಕೊಂಡರೆ? ಇದಕ್ಕೆ ನನ್ನದೇ ಒಂದು ಅಳತೆ ಇದೆ. ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆಯೇ ಕೊಳ್ಳುವವರು ಯಾರು ಅಂತ ಗೊತ್ತಿದ್ದರೆ, ಅದು ಸುಮ್ನೆ ಹಾರಿದ್ದಲ್ಲ. ಪದೇಪದೇ ಮಾರುತ್ತಿದ್ದರೆ ಅದು ವ್ಯಾಪಾರ. ಅನುಮಾನ ಬಂದರೆ ಎಫ್‌ಎಎ ಸ್ಥಳೀಯ ಕಚೇರಿಗೆ ಮೊದಲೇ ಬರೆದು ಕೇಳಿ. ವಿಮೆ ಪಾಲಿಸಿಯನ್ನೂ ಒಮ್ಮೆ ತೆಗೆದು ಓದಿ. ಸ್ವಂತಕ್ಕೆ ಅಂತ ಮಾಡಿಸಿದ ಪಾಲಿಸಿ ಬಾಡಿಗೆ ಹಾರಾಟಕ್ಕೆ ಕೈಕೊಡಬಹುದು.

"ಒಂದು ಫೋಟೋಗೆ ಇಷ್ಟೊಂದು ಕಾನೂನಾ ಸರ್?" ಅಂದರು. ನಾನು ಅವರನ್ನು ಒಂದು ಸಲ ಕರೆದುಕೊಂಡು ಹೋದೆ. ಸೆಸ್ನಾ 172 ಅನ್ನೋ ಪುಟ್ಟ ವಿಮಾನದ ಎಡಗಡೆ ಕಿಟಕಿಗೆ ಒಂದು ಪುಟ್ಟ ತಡೆ ಕಡ್ಡಿ ಇರುತ್ತದೆ. ಮೆಕ್ಯಾನಿಕ್ ಅದರ ಸ್ಕ್ರೂ ಬಿಚ್ಚಿಕೊಟ್ಟರು. ಹಾರುವಾಗ ಕಿಟಕಿ ಗಾಳಿಗೆ ತಾನೇ ಮೇಲೆದ್ದು ರೆಕ್ಕೆಯ ಅಡಿಗೆ ಅಂಟಿಕೊಂಡು ನಿಂತಿತು. ಮೈಕಿನ ತುಂಬ ಭರ್ರೋ ಅನ್ನೋ ಸದ್ದು. ಅವರ ಕೈಗೆ ಕ್ಯಾಮೆರಾ ಕೊಟ್ಟು, ಕಂಟ್ರೋಲ್ ನಾನು ಹಿಡಿದು, ಒಂದು ಕೊಟ್ಟಿಗೆಯ ಸುತ್ತ ತಿರುಗಿಸಿದೆ. ಎರಡೇ ಸುತ್ತು. "ಈಗ ನಮ್ಮ ಸ್ಪೀಡ್ ಎಷ್ಟು?" ಅಂತ ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಎತ್ತರವೂ ಗೊತ್ತಿರಲಿಲ್ಲ. ಕಣ್ಣೆಲ್ಲ ಕೊಟ್ಟಿಗೆಯ ಮೇಲೆ.

ಅಪಾಯ ಇರೋದು ಅಲ್ಲಿ. ಸ್ಟಾಲ್ ಅಂದರೆ ರೆಕ್ಕೆಗೆ ವಿಮಾನವನ್ನು ಎತ್ತಿಹಿಡಿಯಲು ಆಗದೆ ಹೋಗೋದು. ವಿಮಾನವನ್ನು ವಾಲಿಸಿದಷ್ಟೂ ಸ್ಟಾಲ್ ಆಗುವ ಸ್ಪೀಡ್ ಏರುತ್ತದೆ. ಎತ್ತರ ಬಿಡದೆ 45 ಡಿಗ್ರಿ ವಾಲಿ ತಿರುಗಿದರೆ ಸುಮಾರು 19%, 60 ಡಿಗ್ರಿಗೆ ಸುಮಾರು 41% ಜಾಸ್ತಿ. ಫೋಟೋಗೆ ಬೇಕಾದದ್ದು ಕಡಿಮೆ ಎತ್ತರ, ಕಡಿಮೆ ಸ್ಪೀಡ್, ಬಿಗಿ ತಿರುವು. ಮೂರೂ ಸೇರಿದರೆ ತಪ್ಪು ತಿದ್ದಿಕೊಳ್ಳಲು ಜಾಗವೇ ಇರೋದಿಲ್ಲ. ಅಲಾಸ್ಕಾದಲ್ಲಿ ಕೆಳಗಿನ ಮೂಸ್ ಅನ್ನೋ ದೊಡ್ಡ ಜಿಂಕೆಯನ್ನು ನೋಡುತ್ತಾ ಸುತ್ತುವಾಗ ವಿಮಾನ ಬೀಳೋದಕ್ಕೆ ಪೈಲಟ್‌ಗಳು ಮೂಸ್ ಸ್ಟಾಲ್ ಅಂತಲೇ ಹೆಸರಿಟ್ಟಿದ್ದಾರೆ. ನಿಯಮದ ಪ್ರಕಾರ ಊರಿನ ಮೇಲೆ, ವಿಮಾನದ ಸುತ್ತ 2,000 ಅಡಿ ದೂರದೊಳಗಿನ ಅತಿ ಎತ್ತರದ ಅಡೆತಡೆಗಿಂತ 1,000 ಅಡಿ ಮೇಲಿರಬೇಕು. ಬಯಲಲ್ಲಿ ಸಾಮಾನ್ಯವಾಗಿ 500 ಅಡಿ. ಯಾವ ಗಿರಾಕಿ ಕೇಳಿದರೂ ಅದಕ್ಕಿಂತ ಇಳಿಯಬೇಡಿ.

ದುಡ್ಡು ತಗೊಂಡು ಹಾರಲು ಕಮರ್ಷಿಯಲ್ ಲೈಸೆನ್ಸ್ ಬೇಕು. ಪ್ರೈವೇಟ್‌ಗೆ ಕನಿಷ್ಠ 40 ಗಂಟೆ ಹಾರಿದ್ದರೆ ಸಾಕು, ಕಮರ್ಷಿಯಲ್‌ಗೆ ಸಾಮಾನ್ಯವಾಗಿ 250. ವಯಸ್ಸು 18 ಆಗಿರಬೇಕು, ಸೆಕೆಂಡ್ ಕ್ಲಾಸ್ ಮೆಡಿಕಲ್, ಅಂದರೆ ಎರಡನೇ ದರ್ಜೆಯ ಆರೋಗ್ಯ ಪ್ರಮಾಣಪತ್ರ, ಬೇಕು. ಲೈಸೆನ್ಸ್ ಬಂದ ಮೇಲೂ ಫೋಟೋಗ್ರಾಫರ್ "ಹಾಗೇ ನನ್ನನ್ನು ಪಕ್ಕದೂರಲ್ಲಿ ಇಳಿಸಿಬಿಡಿ" ಅಂದರೆ ಒಪ್ಪಬೇಡಿ. ಆಗ ಅದು ಫೋಟೋ ಕೆಲಸ ಅಲ್ಲ, ಪ್ರಯಾಣಿಕರ ಸಾಗಾಟ.

ನನ್ನ ವಿದ್ಯಾರ್ಥಿಗೆ ಅವತ್ತು ಬೇರೆ ದಾರಿ ಹೇಳಿಕೊಟ್ಟೆ. ಡ್ರೋನ್. ಪಾರ್ಟ್ 107ರ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಇದ್ದರೆ ಡ್ರೋನ್ ಫೋಟೋಗೆ ಹಣ ಪಡೆಯಬಹುದು. ಫ್ಲೈಟ್ ರಿವ್ಯೂ, ಅಂದರೆ ಬೋಧಕರ ಜೊತೆ ಆಗಾಗ ಮಾಡಬೇಕಾದ ಮರುಪರಿಶೀಲನೆ, ಚಾಲ್ತಿಯಲ್ಲಿರುವ ಪ್ರೈವೇಟ್ ಪೈಲಟ್‌ಗೆ ಪರೀಕ್ಷಾ ಕೇಂದ್ರದ ಪರೀಕ್ಷೆಯೂ ಬೇಕಾಗಿಲ್ಲ. ಎಫ್‌ಎಎಯ ಉಚಿತ ಆನ್‌ಲೈನ್ ಕೋರ್ಸ್ ಮುಗಿಸಿ ಅರ್ಜಿ ಹಾಕಿದರೆ ಆಯಿತು. ಅವರು ಹಾಗೇ ಮಾಡಿದರು. ನೆಲದಿಂದ 400 ಅಡಿಯೊಳಗೇ ತೋಟದ ಕೆಲಸ ಮುಗಿಯಿತು. ಮಾಲೀಕರಿಗೆ ಫೋಟೋ ಇಷ್ಟವಾಯಿತು.

ಈಗ ಕಮರ್ಷಿಯಲ್ ತರಬೇತಿಯೂ ಶುರು ಮಾಡಿದ್ದಾರೆ. ಅದರಲ್ಲಿ ಏಟ್ಸ್ ಆನ್ ಪೈಲಾನ್ಸ್ ಅನ್ನೋ ಅಭ್ಯಾಸ ಇದೆ. ನೆಲದ ಮೇಲಿನ ಎರಡು ಗುರುತುಗಳ ಸುತ್ತ 8ರ ಆಕಾರದಲ್ಲಿ ಹಾರುತ್ತಾ, ಗುರುತನ್ನು ರೆಕ್ಕೆಯ ತುದಿಗೆ ಪಿನ್ ಚುಚ್ಚಿದ ಹಾಗೆ ಹಿಡಿದಿಡಬೇಕು. ನೆಲದ ಲೆಕ್ಕದಲ್ಲಿ 100 ನಾಟ್ (ಗಂಟೆಗೆ ಸುಮಾರು 185 ಕಿ.ಮೀ.) ವೇಗ ಇದ್ದರೆ ಸುಮಾರು 885 ಅಡಿ ಎತ್ತರದಲ್ಲಿ ಅದು ನಿಲ್ಲುತ್ತದೆ. ವೇಗ ಬದಲಾದರೆ ಎತ್ತರವೂ ಬದಲಾಗಬೇಕು. ಮೊನ್ನೆ ಶನಿವಾರ ಒಂದು ನೀರಿನ ಟ್ಯಾಂಕ್ ಹಿಡಿದೆವು. ಮೊದಲ ಸುತ್ತಿನಲ್ಲಿ ಟ್ಯಾಂಕ್ ರೆಕ್ಕೆಯಿಂದ ಹಿಂದಕ್ಕೆ ಜಾರಿತು. ನಾನು ಬಾಯಿ ಬಿಡಲಿಲ್ಲ. ಅವರೇ ಮೂತಿ ಸ್ವಲ್ಪ ಎತ್ತಿ, ಮೇಲೇರಿ, ಮತ್ತೆ ಹಿಡಿದರು. "ಸ್ಪೀಡ್ ಎಷ್ಟು?" ಅಂದೆ. ಟ್ಯಾಂಕಿನಿಂದ ಕಣ್ಣು ತೆಗೆದು, ಮೀಟರ್ ನೋಡಿ, ತಕ್ಷಣ ಹೇಳಿದರು.